ಸೀಸೆಯೊಳಗಿನ ಬಾಳೆಗೆ ಬೆಳಕು: ಹಳೆಯ ಟ್ಯೂಬ್‌ಲೈಟ್ ರ್ಯಾಕನ್ನು ಎಲ್‌ಇಡಿಗೆ ಬದಲಿಸಿದ ಕೆಲಸ

ನವನಗರದ ನಮ್ಮ ಸಣ್ಣ ಅಂಗಾಂಶ ಕೃಷಿ ಪ್ರಯೋಗಾಲಯದಲ್ಲಿ ಬಾಳೆ ಸಸಿ ಬೆಳೆಯುವ ಕೊಠಡಿಗೆ ಕಿಟಕಿಯಿಲ್ಲ. ಗಿಡದ ಸಣ್ಣ ತುಣುಕನ್ನು ಮುಚ್ಚಿದ ಸೀಸೆಯೊಳಗೆ ಬೆಳೆಸಿ ಸಸಿ ಮಾಡುವುದೇ ಅಂಗಾಂಶ ಕೃಷಿ. ಹೊರಗೆ ಬಾಗಲಕೋಟೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಒಳಗೆ 25 ಡಿಗ್ರಿ ಇರಬೇಕು, ಹೆಚ್ಚೆಂದರೆ ಎರಡು ಡಿಗ್ರಿ ಆಚೀಚೆ. ಸೂರ್ಯನ ಕೆಲಸವನ್ನೆಲ್ಲ ದೀಪಗಳಿಗೆ ಒಪ್ಪಿಸಿದ ಕೊಠಡಿ ಇದು. ಆದ್ದರಿಂದ ದೀಪದಲ್ಲಿ ಏನು ಕೊರತೆಯಿದೆಯೋ ಅದು ನೇರವಾಗಿ ಸಸಿಯ ಮೈಯಲ್ಲಿ ಕಾಣಿಸುತ್ತದೆ. ಅಲ್ಲಿನ ಅತಿ ಹಳೆಯ ರ್ಯಾಕಿನ ದೀಪಗಳನ್ನು ಕಳಚಿ ಎಲ್‌ಇಡಿ ಪಟ್ಟಿ ಅಳವಡಿಸಿದ ಕೆಲಸವನ್ನು ಇಲ್ಲಿ ಬರೆದಿಡುತ್ತಿದ್ದೇನೆ. 2008ರಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇಲ್ಲಿ ಆರಂಭವಾದ ಮೇಲೆ ಅಂಗಾಂಶ ಕೃಷಿಯ ಮಾತು ಈ ಊರಿಗೆ ಹೊಸದಾಗಿ ಉಳಿದಿಲ್ಲ. ಸಣ್ಣ ಮಟ್ಟದಲ್ಲಿ ಇದನ್ನೇ ಮಾಡಲು ಹೊರಟವರು ಮೊದಲು ಕೇಳುವುದೂ ದೀಪದ ವಿಚಾರವನ್ನೇ.

ರ್ಯಾಕ್ ಹೀಗಿತ್ತು: ಸ್ಲಾಟೆಡ್ ಆ್ಯಂಗಲ್‌ನಿಂದ ಕಟ್ಟಿದ ಐದು ಅಂತಸ್ತು, ಪ್ರತಿ ಅಂತಸ್ತು ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ನಡುವೆ ಒಂದೂವರೆ ಅಡಿ ಎತ್ತರ. ಪ್ರತಿ ಅಂತಸ್ತಿನ ಮೇಲೆ 36 ವ್ಯಾಟ್‌ನ ಎರಡು ಟ್ಯೂಬ್‌ಲೈಟ್, ಅವುಗಳ ಚೋಕ್‌ಗಳು ಅಲ್ಲೇ ತಗಡಿನ ಕೆಳಮೈಗೆ ಬಿಗಿದಿದ್ದವು. ತಾಮ್ರದ ಸುರುಳಿಯ ಹಳೆಯ ಚೋಕ್ ತಾನೇ ಸುಮಾರು 10 ವ್ಯಾಟ್ ನುಂಗಿ ಶಾಖವಾಗಿ ಬಿಡುತ್ತದೆ. ಲೆಕ್ಕ ಹಾಕಿದರೆ ಅಂತಸ್ತಿಗೆ 92 ವ್ಯಾಟ್, ಇಡೀ ರ್ಯಾಕಿಗೆ 460 ವ್ಯಾಟ್. ಬೆಳಕಾಗಿ ಹೊರಬಿದ್ದದ್ದೂ ಗೋಡೆ, ತಗಡು, ಎಲೆಗಳಿಗೆ ತಾಗಿ ಕೊನೆಗೆ ಶಾಖವೇ ಆಗುತ್ತದೆ. ಅಂದರೆ ದಿನಕ್ಕೆ 16 ಗಂಟೆ ಉರಿಯುವ ಅರ್ಧ ಕಿಲೋವ್ಯಾಟ್‌ನ ಹೀಟರ್ ಒಂದನ್ನು ತಂಪಾಗಿರಬೇಕಾದ ಕೊಠಡಿಯ ಮಧ್ಯೆ ನಿಲ್ಲಿಸಿ, ಅದರ ಶಾಖವನ್ನು ಹೊರಹಾಕಲು ಎಸಿಗೆ ಮತ್ತೆ ವಿದ್ಯುತ್ ಕೊಡುತ್ತಿದ್ದೆವು.

ಖರ್ಚಿಗಿಂತ ಹೆಚ್ಚು ಕಾಡಿದ್ದು ಆ ಶಾಖ ಸೀಸೆಗಳಿಗೆ ಮಾಡುತ್ತಿದ್ದ ಕೇಡು. ಒಂದು ಅಂತಸ್ತಿನ ದೀಪ ಅದರ ಮೇಲಿನ ಅಂತಸ್ತಿನ ಸೀಸೆಗಳಿಗೆ ಒಲೆಯ ಹಾಗೆ. ಚೋಕ್‌ನ ನೇರ ಮೇಲೆ ಕುಳಿತ ಸೀಸೆಯನ್ನು ಎತ್ತಿ ಬೆಳಕಿಗೆ ಹಿಡಿದರೆ ಎಲ್ಲವೂ ಕಾಣುತ್ತಿತ್ತು: ತಳ ಬೆಚ್ಚಗೆ, ಮುಚ್ಚಳ ತಣ್ಣಗೆ; ಮುಚ್ಚಳದ ಒಳಮೈ ತುಂಬ ಸಾಸಿವೆ ಗಾತ್ರದ ಹನಿಗಳು; ಗಾಜಿನ ಗೋಡೆಯ ಮೇಲೆ ಮಬ್ಬು; ಸಸಿಗೆ ಆಹಾರ ಕೊಡುವ ಜೆಲ್ಲಿಯಂಥ ಅಗರ್ ಮಾಧ್ಯಮ ಅಂಚಿನಲ್ಲಿ ಗಾಜನ್ನು ಬಿಟ್ಟು ಒಳಕ್ಕೆ ಸರಿದಿರುತ್ತಿತ್ತು. ಮಾಧ್ಯಮದ ನೀರು ಆವಿಯಾಗಿ ಮೇಲೆ ಹೋಗಿ, ಮುಚ್ಚಳಕ್ಕೆ ತಾಗಿ ಹನಿಯಾಗಿ, ಸಸಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಸದಾ ನೀರು ತುಂಬಿದ ಆ ಗಾಳಿಯಲ್ಲಿ ಎಲೆಗಳು ಗಾಜಿನಂತೆ ಪಾರದರ್ಶಕವಾಗಿ, ದಪ್ಪಗೆ, ಮುಟ್ಟಿದರೆ ಮುರಿಯುವಂತಾಗುತ್ತವೆ. ಅಂಥ ಸಸಿಯ ಪತ್ರರಂಧ್ರಗಳು ಸರಿಯಾಗಿ ಮುಚ್ಚುವುದಿಲ್ಲ, ಎಲೆಯ ಮೇಲಿನ ಮೇಣದ ಪದರ ತೀರ ತೆಳುವಾಗಿರುತ್ತದೆ. ಸೀಸೆಯಿಂದ ಹೊರತೆಗೆದ ದಿನವೇ ಅದು ಬಾಡಲು ಶುರುವಾಗುತ್ತದೆ.

ಇನ್ನೊಂದು ಕೇಡು ಕಣ್ಣಿಗೆ ಬೀಳುವುದಿಲ್ಲ. ದೀಪ ಆರಿದಾಗ ಕೊಠಡಿ ತಣಿಯುತ್ತದೆ, ಸೀಸೆಯೊಳಗಿನ ಗಾಳಿ ಕುಗ್ಗಿ ಹೊರಗಿನ ಗಾಳಿಯನ್ನು ಮುಚ್ಚಳದ ಸಂದಿಯಿಂದ ಒಳಗೆ ಎಳೆದುಕೊಳ್ಳುತ್ತದೆ. ಆ ಗಾಳಿಯ ಜೊತೆ ಬೂಷ್ಟಿನ ಕಣಗಳೂ ಬರಬಹುದು. ದೀಪದ ಶಾಖ ಹೆಚ್ಚಿದಷ್ಟೂ ಈ ಏರಿಳಿತ ಹೆಚ್ಚು, ಸೋಂಕಿನ ಸಾಧ್ಯತೆಯೂ ಹೆಚ್ಚು.

ದೀಪ ಬದಲಿಸುವ ಮುಂಚೆ ಸೀಸೆಯೊಳಗಿನ ಸಸಿಗೆ ಬೆಳಕು ಯಾಕೆ ಬೇಕು ಎಂಬುದನ್ನು ಬಿಡಿಸಿಕೊಳ್ಳಬೇಕು. ಹೊಲದ ಬಾಳೆಗೆ ಬಿಸಿಲೇ ಅನ್ನ. ನಮ್ಮ ಸೀಸೆಗಳಲ್ಲಿ ಹಾಗಲ್ಲ. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ರೂಪಿಸಿದ ಎಂಎಸ್ ಮಾಧ್ಯಮವನ್ನೇ ಇಂದಿಗೂ ಹೆಚ್ಚಿನವರು ಬಳಸುವುದು. ಅದರಲ್ಲಿ ಲೀಟರಿಗೆ 30 ಗ್ರಾಂ ಸಕ್ಕರೆ ಇರುತ್ತದೆ. ಊಟ ತಳದಲ್ಲೇ ಸಿದ್ಧವಿದೆ. ಮೇಲಾಗಿ ಮುಚ್ಚಿದ ಸೀಸೆಯಲ್ಲಿ ಬೆಳಕು ಬಿದ್ದ ಸ್ವಲ್ಪ ಹೊತ್ತಿಗೆ ಇಂಗಾಲದ ಡೈಆಕ್ಸೈಡ್ ಹೊರಗಿನ ಗಾಳಿಗಿಂತ ಎಷ್ಟೋ ಕೆಳಕ್ಕೆ ಇಳಿಯುತ್ತದೆ. ಆಮೇಲೆ ದೀಪವನ್ನು ಎಷ್ಟು ಪ್ರಖರಗೊಳಿಸಿದರೂ ದ್ಯುತಿಸಂಶ್ಲೇಷಣೆ ಹೆಚ್ಚುವುದಿಲ್ಲ. ಜಪಾನಿನ ಚಿಬಾ ವಿಶ್ವವಿದ್ಯಾಲಯದ ಟೊಯೋಕಿ ಕೊಜಾಯ್ ಈ ಕೊರತೆಯನ್ನೇ ಹಿಡಿದು, ಗಾಳಿಯಾಡುವ ಪಾತ್ರೆಗಳಲ್ಲಿ ಸಕ್ಕರೆಯಿಲ್ಲದೆ ಸಸಿ ಬೆಳೆಸುವ ವಿಧಾನವನ್ನು ಬೆಳೆಸಿದರು. ನಮ್ಮಂಥ ಸಾಮಾನ್ಯ ಸೀಸೆಗಳಲ್ಲಿ ಬೆಳಕಿನ ಮುಖ್ಯ ಕೆಲಸ ಸಸಿಗೆ ಸೂಚನೆ ಕೊಡುವುದು: ಕಾಂಡ ಎಷ್ಟು ಉದ್ದ ಬೆಳೆಯಬೇಕು, ಎಲೆ ಎಷ್ಟು ಅಗಲವಾಗಬೇಕು, ಹಸಿರು ಎಷ್ಟು ಕಟ್ಟಬೇಕು. ಈ ಮಾತು ಮನಸ್ಸಿಗೆ ಇಳಿದರೆ ದೀಪದ ಆಯ್ಕೆಯೇ ಬದಲಾಗುತ್ತದೆ. ಕಣ್ಣು ಕುಕ್ಕುವ ಬೆಳಕಿನ ಬದಲು ಸರಿಯಾದ ಬಣ್ಣದ, ಎಲ್ಲ ಸೀಸೆಗಳಿಗೂ ಸಮನಾಗಿ ತಲುಪುವ, ಶಾಖ ಕಡಿಮೆ ಇರುವ ಬೆಳಕನ್ನು ಹುಡುಕಲು ತೊಡಗುತ್ತೇವೆ.

ಬಣ್ಣದ ವಿಚಾರ. ಸಸ್ಯ ಬಳಸುವುದು 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕು. ಅದರಲ್ಲಿ 660 ನ್ಯಾನೋಮೀಟರ್ ಸುತ್ತಲಿನ ಕೆಂಪನ್ನು ಪತ್ರಹರಿತ್ತೂ ಹೀರುತ್ತದೆ, ಫೈಟೋಕ್ರೋಮ್ ಎಂಬ ಗ್ರಾಹಕವೂ ಗುರುತಿಸುತ್ತದೆ. 450ರ ಆಸುಪಾಸಿನ ನೀಲಿಯನ್ನು ಕ್ರಿಪ್ಟೋಕ್ರೋಮ್, ಫೋಟೊಟ್ರೋಪಿನ್ ಎಂಬ ಬೇರೆ ಗ್ರಾಹಕಗಳು ಗುರುತಿಸುತ್ತವೆ. ನೀಲಿ ಬೆಳಕು ಕಾಂಡದ ಓಟಕ್ಕೆ ಕಡಿವಾಣ ಹಾಕುತ್ತದೆ, ಪತ್ರರಂಧ್ರ ತೆರೆಯಲು ಹೇಳುತ್ತದೆ. ಬರೀ ಕೆಂಪಿನಲ್ಲಿ ಬಿಟ್ಟರೆ ಸಸಿ ಉದ್ದುದ್ದ ಬೆಳೆದು ಸೊರಗುತ್ತದೆ. ಹಾಗೆಂದು ಹಸಿರು ಬೆಳಕು ವ್ಯರ್ಥವಲ್ಲ. 1970ರ ದಶಕದ ಆರಂಭದಲ್ಲಿ ಮೆಕ್ರೀ ಅನೇಕ ಬೆಳೆಗಳ ಎಲೆಗಳ ಮೇಲೆ ಮಾಡಿದ ಅಳತೆಗಳು, ಹಸಿರು ಬೆಳಕಿನಿಂದಲೂ ದ್ಯುತಿಸಂಶ್ಲೇಷಣೆ ಚೆನ್ನಾಗಿಯೇ ನಡೆಯುತ್ತದೆ ಎಂದು ತೋರಿಸಿವೆ. ಆದ್ದರಿಂದ ಬಿಳಿ ದೀಪ ಸಸ್ಯಕ್ಕೆ ಅಲ್ಲ, ಕೆಂಪು-ನೀಲಿ ಬೆರೆತ ನೇರಳೆ ದೀಪವೇ ಆಗಬೇಕು ಎಂಬ ಮಾರಾಟದ ಮಾತನ್ನು ನಾನು ಒಪ್ಪುವುದಿಲ್ಲ. ಬಿಳಿ ಎಲ್‌ಇಡಿ ಎಂದರೆ ನೀಲಿ ಎಲ್‌ಇಡಿಯ ಮೇಲೆ ಹಳದಿ ಫಾಸ್ಫರ್ ಲೇಪಿಸಿದ್ದು. ಅದರಲ್ಲಿ ನೀಲಿ ಸಾಕಷ್ಟಿರುತ್ತದೆ, ಕಡಿಮೆಯಿರುವುದು 660ರ ಗಾಢ ಕೆಂಪು. ಆ ನೀಲಿ ಎಲ್‌ಇಡಿಯನ್ನು ಸಾಧ್ಯವಾಗಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂದಾಗ ಎಲ್ಲರೂ ಮನೆಯ ದೀಪದ ಬಗ್ಗೆ ಮಾತನಾಡಿದರು. ನನಗಂತೂ ಆ ಆವಿಷ್ಕಾರದ ಬೆಲೆ ತಿಳಿಯುವುದು ಈ ಕೊಠಡಿಯಲ್ಲಿ.

ನೇರಳೆ ಬೆಳಕನ್ನು ಬಿಡಲು ಇನ್ನೊಂದು ಗಟ್ಟಿ ಕಾರಣವಿತ್ತು. ಪರೀಕ್ಷೆಗೆಂದು ಕೆಂಪು-ನೀಲಿ ಪಟ್ಟಿಯೊಂದನ್ನು ತಾತ್ಕಾಲಿಕವಾಗಿ ತೂಗುಹಾಕಿದಾಗ, ಸಸಿ ವರ್ಗಾಯಿಸುವ ಕೆಲಸದ ಅಕ್ಕ ಸೀಸೆಗಳನ್ನು ನೋಡುತ್ತಾ, “ಸರ್, ಈ ಬೆಳಕಿನಲ್ಲಿ ಬೂಷ್ಟು ಬಂದದ್ದು ಗೊತ್ತಾಗುವುದಿಲ್ಲ, ಎಲೆ ಹಳದಿಯಾದರೂ ಕಪ್ಪಾಗಿಯೇ ಕಾಣುತ್ತದೆ” ಎಂದರು. ದಿನಾ ಬೆಳಿಗ್ಗೆ ಒಂದೊಂದು ಸೀಸೆಯನ್ನೂ ನೋಡಿ ಸೋಂಕು ತಗಲಿದ್ದನ್ನು ಬೇರ್ಪಡಿಸುವುದು ಅವರ ಕೆಲಸ. ಮಾಧ್ಯಮದ ಅಂಚಿನಲ್ಲಿ ಹಾಲಿನ ಕೆನೆಯ ಬಣ್ಣದ ತೆಳು ಪದರವೊಂದು ಬಿಳಿ ಬೆಳಕಿನಲ್ಲಿ ಮಾತ್ರ ಕಣ್ಣಿಗೆ ಬೀಳುತ್ತದೆ. ಅದನ್ನು ಕಾಣದಂತೆ ಮಾಡುವ ಬೆಳಕು ಸಸಿಗೆ ಎಷ್ಟು ಒಳ್ಳೆಯದಾದರೂ ಕೊಠಡಿಗೆ ಒಳ್ಳೆಯದಲ್ಲ. ಬಿಳಿಯೇ ಬುನಾದಿ, ಕೆಂಪು ಅದಕ್ಕೆ ಸೇರ್ಪಡೆ, ಎರಡಕ್ಕೂ ಬೇರೆ ಸ್ವಿಚ್ ಎಂದು ಅಲ್ಲಿಗೆ ತೀರ್ಮಾನವಾಯಿತು.

ಸಾಮಾನು ಹೆಚ್ಚೇನಿಲ್ಲ. 24 ವೋಲ್ಟ್‌ನ 4000 ಕೆಲ್ವಿನ್ ಬಿಳಿ ಎಲ್‌ಇಡಿ ಪಟ್ಟಿ, 660 ನ್ಯಾನೋಮೀಟರ್ ಎಂದು ಸ್ಪಷ್ಟವಾಗಿ ನಮೂದಿಸಿದ ಕೆಂಪು ಪಟ್ಟಿ, ಮುಚ್ಚಳವಿರುವ ಅಲ್ಯೂಮಿನಿಯಂ ಚಾನಲ್, 24 ವೋಲ್ಟ್ 15 ಆಂಪಿಯರ್‌ನ ಎಸ್‌ಎಂಪಿಎಸ್ (230 ವೋಲ್ಟ್ ವಿದ್ಯುತ್ತನ್ನು 24 ವೋಲ್ಟ್‌ಗೆ ಇಳಿಸುವ ಪೆಟ್ಟಿಗೆ), ಬ್ಯಾಟರಿ ಇರುವ ಡಿಜಿಟಲ್ ಟೈಮರ್, 1.5 ಚದರ ಮಿಲಿಮೀಟರ್ ತಾಮ್ರದ ತಂತಿ, ಫ್ಯೂಸ್‌ಗಳು. ಅಲಂಕಾರಕ್ಕೆ ಮಾರುವ ಕೆಂಪು ಪಟ್ಟಿ ಸಾಮಾನ್ಯವಾಗಿ 620ರಿಂದ 630 ನ್ಯಾನೋಮೀಟರ್‌ನದು. ನೋಡಲು ಅದೇ ಹೆಚ್ಚು ಪ್ರಖರ, ಆದರೆ ಫೈಟೋಕ್ರೋಮ್‌ಗೆ ಬೇಕಾದ ಗಾಢ ಕೆಂಪು ಅದಲ್ಲ. 12 ವೋಲ್ಟ್ ಪಟ್ಟಿಗಿಂತ 24 ವೋಲ್ಟ್ ಆರಿಸಿದ್ದಕ್ಕೆ ಕಾರಣ ಅಷ್ಟೇ ವ್ಯಾಟ್‌ಗೆ ಅರ್ಧದಷ್ಟೇ ಆಂಪಿಯರ್ ಸಾಕು, ತಂತಿಯಲ್ಲಿ ಸೋರುವ ವೋಲ್ಟೇಜ್ ಕಡಿಮೆ.

ಎಸ್‌ಎಂಪಿಎಸ್‌ನ್ನು ಕೊಠಡಿಯ ಒಳಗೆ ಇಡಲಿಲ್ಲ. ಅದರ ಶಾಖವೂ ಹೊರಗೇ ಇರಲಿ ಎಂದು ಗೋಡೆಯ ಆಚೆ, ಗಾಳಿಯಾಡುವ ಪೆಟ್ಟಿಗೆಯಲ್ಲಿ ಕೂರಿಸಿ, ತೂತು ಕೊರೆದು ತಂತಿಗಳನ್ನು ಮಾತ್ರ ಒಳಗೆ ತಂದೆವು. ತೂತನ್ನು ಸಿಲಿಕೋನ್ ಹಾಕಿ ಮುಚ್ಚಿದ್ದೇವೆ, ಇಲ್ಲದಿದ್ದರೆ ದೂಳಿಗೆ ಅದೇ ಬಾಗಿಲಾಗುತ್ತಿತ್ತು. ಪ್ರತಿ ಅಂತಸ್ತಿಗೂ ಬೇರೆ ತಂತಿ ಜೋಡಿ, ಬೇರೆ ಫ್ಯೂಸ್. ಒಂದೇ ತಂತಿಯಲ್ಲಿ ಐದೂ ಅಂತಸ್ತು ಎಳೆದಿದ್ದರೆ 8 ಆಂಪಿಯರ್‌ಗೂ ಹೆಚ್ಚು ಹರಿದು, ಕೊನೆಯ ಅಂತಸ್ತಿನ ಪಟ್ಟಿ ಮಂಕಾಗುತ್ತಿತ್ತು. ಬೇರೆ ಬೇರೆ ಎಳೆದಾಗ ಆರು ಮೀಟರ್ ದೂರಕ್ಕೂ ಕಾಲು ವೋಲ್ಟ್‌ನಷ್ಟೇ ಇಳಿಕೆ. ಪಟ್ಟಿಗಳ ಕೂಡಿಕೆಗೆ ಒತ್ತಿ ಹಿಡಿಯುವ ಕ್ಲಿಪ್ ಬಳಸದೆ ಬೆಸುಗೆ ಹಾಕಿದೆವು. ಕೊಠಡಿಯನ್ನು ಆಗಾಗ ಸ್ಪಿರಿಟ್‌ನಿಂದ ಒರೆಸುವುದು, ಫಾರ್ಮಲಿನ್ ಹೊಗೆ ಹಾಕುವುದು ಇದ್ದೇ ಇರುತ್ತದೆ. ತೆರೆದ ತಾಮ್ರ ಅದನ್ನು ಬಹುಕಾಲ ತಡೆಯುವುದಿಲ್ಲ. ಚಾನಲ್‌ನ ಹಾಲುಬಣ್ಣದ ಮುಚ್ಚಳ ಒಂದಿಷ್ಟು ಬೆಳಕನ್ನು ತಿನ್ನುತ್ತದಾದರೂ ಪಟ್ಟಿಯನ್ನು ಕಾಪಾಡುತ್ತದೆ, ಚುಕ್ಕಿ ಚುಕ್ಕಿಯಾಗಿ ಬೀಳುವ ಬೆಳಕನ್ನು ಹರಡುತ್ತದೆ. ಎಸ್‌ಎಂಪಿಎಸ್‌ಗೂ ರ್ಯಾಕಿನ ಚೌಕಟ್ಟಿಗೂ ಅರ್ಥಿಂಗ್ ಕೊಟ್ಟಿದ್ದೇವೆ. ನೀರು, ಲೋಹ, ವಿದ್ಯುತ್ ಮೂರೂ ಇರುವ ಜಾಗದಲ್ಲಿ ಇದನ್ನು ಬಿಡಲೇಬಾರದು. 230 ವೋಲ್ಟ್ ಕಡೆಯ ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಮಾಡಿದ್ದಾರೆ.

ಚಾನಲ್‌ಗಳನ್ನು ಎಲ್ಲಿ ಕಟ್ಟಬೇಕು ಎಂಬುದರ ಮೇಲೆ ಅತಿ ಹೆಚ್ಚು ಸಮಯ ಹೋಯಿತು, ಹೋದದ್ದು ಸಾರ್ಥಕವಾಯಿತು. ಹಳೆಯ ರ್ಯಾಕಿನಲ್ಲಿ ಎರಡೂ ಟ್ಯೂಬ್‌ಗಳು ನಡುವೆ ಅಕ್ಕಪಕ್ಕ ಇದ್ದವು. ತಗಡಿನ ಮೇಲೆ ಸೀಮೆಸುಣ್ಣದಿಂದ ಒಂಬತ್ತು ಗುರುತು ಹಾಕಿ, ಎಲೆಯ ಎತ್ತರದಲ್ಲಿ ಬೆಳಕು ಅಳೆಯುವ ಲಕ್ಸ್ ಮೀಟರ್ ಹಿಡಿದರೆ ನಡುವೆ 3800 ಲಕ್ಸ್, ಮೂಲೆಗಳಲ್ಲಿ 1300. ಒಂದೇ ದಿನ, ಒಂದೇ ಮಾಧ್ಯಮದಲ್ಲಿ ಕೂರಿಸಿದ ಸಸಿಗಳು ಮೂಲೆಯಲ್ಲಿ ಯಾಕೆ ಕತ್ತು ಚಾಚುತ್ತಿದ್ದವು ಎಂಬುದಕ್ಕೆ ಉತ್ತರ ಅಲ್ಲೇ ಇತ್ತು. ಈಗ ಬಿಳಿಯ ಎರಡು ಸಾಲುಗಳನ್ನು ಮುಂದಿನ ಮತ್ತು ಹಿಂದಿನ ಅಂಚುಗಳಿಂದ ಐದೈದು ಇಂಚು ಒಳಗೆ ತಂದು, ಕೆಂಪು ಸಾಲನ್ನು ನಡುವೆ ಹಾಕಿದ್ದೇವೆ. ತಗಡಿಗೆ ಹೊಳಪಿಲ್ಲದ ಬಿಳಿ ಬಣ್ಣ ಬಳಿದು, ಎರಡು ತುದಿಗಳಿಗೂ ಬಿಳಿ ಹಾಳೆ ತೂಗುಬಿಟ್ಟೆವು. ಬಿಳಿ ದೀಪ ಮಾತ್ರ ಉರಿಸಿ ಅಳೆದಾಗ ನಡುವೆ 2900, ಮೂಲೆಯಲ್ಲಿ 2200. ನಡುವಿನ ಅಂಕಿ ಇಳಿದದ್ದನ್ನು ನೋಡಿ ಗಾಬರಿ ಬೇಡ. ಮೂಲೆಯ ಅಂಕಿ ಏರಿದ್ದೇ ಗೆಲುವು.

ಲಕ್ಸ್ ಮೀಟರ್ ನಂಬುವುದಕ್ಕೂ ಒಂದು ಮಿತಿಯಿದೆ. ಅದು ಮನುಷ್ಯನ ಕಣ್ಣಿನ ಅಳತೆಗೋಲು. ನಮ್ಮ ಕಣ್ಣಿಗೆ ಹಸಿರು ಪ್ರಖರ, ಗಾಢ ಕೆಂಪು ಮತ್ತು ನೀಲಿ ಮಂಕು. ಸಸ್ಯಕ್ಕೆ ಬೇಕಾದ ಅಳತೆ ಪ್ರತಿ ಚದರ ಮೀಟರಿಗೆ ಪ್ರತಿ ಸೆಕೆಂಡಿಗೆ ಬೀಳುವ ಬೆಳಕಿನ ಕಣಗಳದು, ಅದನ್ನು ಮೈಕ್ರೋಮೋಲ್‌ನಲ್ಲಿ ಹೇಳುತ್ತಾರೆ. ಬಿಳಿ ಎಲ್‌ಇಡಿಯಲ್ಲಿ ಸುಮಾರು 70 ಲಕ್ಸ್‌ಗೆ ಒಂದು ಮೈಕ್ರೋಮೋಲ್ ಎಂದು ಹಿಡಿಯಬಹುದು. 660ರ ಕೆಂಪಿನಲ್ಲಾದರೆ 8 ಲಕ್ಸ್‌ಗೇ ಒಂದು ಮೈಕ್ರೋಮೋಲ್. ಬರೀ ಕೆಂಪು ಉರಿಸಿದಾಗ ಮೀಟರ್ ನೂರರ ಆಸುಪಾಸು ತೋರಿಸಿತು. ದೀಪವೇ ದುರ್ಬಲ ಎಂದು ಯಾರಿಗಾದರೂ ಅನಿಸುತ್ತದೆ, ಆದರೆ ಅದು 12ರಿಂದ 13 ಮೈಕ್ರೋಮೋಲ್. ಬಿಳಿಯದು 37ರಷ್ಟು ಸೇರಿ ಒಟ್ಟು 50. ಅಂಗಾಂಶ ಕೃಷಿಯ ಕೊಠಡಿಗಳಲ್ಲಿ ಸಾಮಾನ್ಯವಾಗಿ ಇಟ್ಟುಕೊಳ್ಳುವುದೂ 40ರಿಂದ 60. ಹೊರಗಿನ ನಡುಮಧ್ಯಾಹ್ನದ ಬಿಸಿಲು ಸುಮಾರು 2000 ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, ಸೀಸೆಯಿಂದ ಹೊರಬರುವ ಸಸಿ ಎಂಥ ದೊಡ್ಡ ಬದಲಾವಣೆಯನ್ನು ಎದುರಿಸಬೇಕು ಎಂದು ತಿಳಿಯುತ್ತದೆ. ಸೀಸೆಯ ಮುಚ್ಚಳವೂ ಲೆಕ್ಕಕ್ಕೆ ಬರುತ್ತದೆ. ಬೆಳಕು ಮೇಲಿನಿಂದ ಬೀಳುವ ರ್ಯಾಕಿನಲ್ಲಿ ಬಣ್ಣದ ಅಪಾರದರ್ಶಕ ಮುಚ್ಚಳ ಹಾಕಿದರೆ ಸಸಿಗೆ ಪಕ್ಕದಿಂದ ನುಸುಳಿದ್ದಷ್ಟೇ ಸಿಗುತ್ತದೆ. ನಾವು ಆಟೋಕ್ಲೇವ್‌ನ (ಒತ್ತಡದ ಹಬೆಯಲ್ಲಿ ಸೂಕ್ಷ್ಮಾಣು ಕೊಲ್ಲುವ ಯಂತ್ರ) ಬಿಸಿ ತಡೆಯುವ ಪಾರದರ್ಶಕ ಪಾಲಿಪ್ರೊಪಿಲೀನ್ ಮುಚ್ಚಳಗಳನ್ನೇ ಉಳಿಸಿಕೊಂಡಿದ್ದೇವೆ.

ಶಾಖಕ್ಕೆ ಬರೋಣ. ಅಂತಸ್ತಿಗೆ ಬಿಳಿ 32, ಕೆಂಪು 8, ಒಟ್ಟು 40 ವ್ಯಾಟ್. ಇಡೀ ರ್ಯಾಕಿಗೆ 200. ಕೊಠಡಿಯೊಳಗಿನ ಶಾಖ ಅರ್ಧಕ್ಕಿಂತ ಕೆಳಗೆ ಬಂತು. ಆದರೂ ಎಲ್‌ಇಡಿ ತಣ್ಣಗಿರುತ್ತದೆ ಎಂಬ ನಂಬಿಕೆ ಸರಿಯಲ್ಲ: ಅದರ ಶಾಖ ಮುಂದಕ್ಕೆ ಹೊಮ್ಮದೆ ಬೆನ್ನಿನ ಕಡೆ ಹರಿಯುತ್ತದೆ, ಬೆನ್ನಿಗೆ ಇರುವುದು ಮೇಲಿನ ಅಂತಸ್ತಿನ ತಗಡು. ಚಾನಲ್‌ನ್ನು ತಗಡಿಗೆ ನೇರ ಅಂಟಿಸಿದ್ದರೆ ಹಳೆಯ ಒಲೆಯೇ ಸಣ್ಣದಾಗಿ ಮುಂದುವರಿಯುತ್ತಿತ್ತು. ಅದಕ್ಕೆ ಎರಡು ಇಂಚಿನ ತುಂಡು ಆ್ಯಂಗಲ್ ಇಟ್ಟು ಚಾನಲ್‌ಗಳನ್ನು ಕೆಳಗೆ ಇಳಿಬಿಟ್ಟೆವು. ಆ ಸಂದಿಯಲ್ಲಿ ಎಸಿಯ ಗಾಳಿ ಓಡಾಡುತ್ತದೆ. ಈಗ ಅದೇ ಜಾಗದ ಸೀಸೆಯನ್ನು ಎತ್ತಿದರೆ ತಳ ಮತ್ತು ಮುಚ್ಚಳ ಕೈಗೆ ಒಂದೇ ಸಮ ಅನಿಸುತ್ತವೆ. ಗಾಜಿನ ಮಬ್ಬು ಹೋಗಿ ಎಲೆಯ ನರಗಳು ಹೊರಗಿನಿಂದಲೇ ಕಾಣುತ್ತವೆ, ಮಾಧ್ಯಮ ಗಾಜಿಗೆ ಅಂಟಿಕೊಂಡೇ ಇರುತ್ತದೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟದ್ದು ಇದು.

ಹಗಲು-ರಾತ್ರಿಯನ್ನು ತಿರುವುಮುರುವು ಮಾಡಿದ್ದೂ ಇದೇ ಕಾರಣಕ್ಕೆ. 16 ಗಂಟೆ ಬೆಳಕು, 8 ಗಂಟೆ ಕತ್ತಲೆ ಎಂಬ ನಿಯಮದಲ್ಲಿ ಬೆಳಕು ಯಾವಾಗ ಬೀಳಬೇಕೆಂದು ಸಸಿ ಕೇಳುವುದಿಲ್ಲ. ಸಂಜೆ ಆರಕ್ಕೆ ದೀಪ ಹೊತ್ತಿ ಮರುದಿನ ಬೆಳಿಗ್ಗೆ ಹತ್ತಕ್ಕೆ ಆರುತ್ತದೆ. ಹೊರಗೆ ಸುಡುಬಿಸಿಲು ಇರುವ ಹೊತ್ತಿಗೆ ಒಳಗೆ ಕತ್ತಲೆ, ಎಸಿಗೆ ಎರಡೂ ಕಡೆಯ ಹೊರೆ ಒಟ್ಟಿಗೆ ಬೀಳುವುದಿಲ್ಲ. ಸೀಸೆಗಳ ತಪಾಸಣೆ ಬೆಳಿಗ್ಗೆ ಹತ್ತರ ಒಳಗೆ ಮುಗಿಯುತ್ತದೆ. ಟೈಮರ್ ವಿಷಯದಲ್ಲಿ ಒಂದು ಮಾತು: ಹಲ್ಲಿನ ಚಕ್ರ ತಿರುಗುವ ಯಾಂತ್ರಿಕ ಟೈಮರ್ ವಿದ್ಯುತ್ ಹೋದಾಗ ತಾನೂ ನಿಂತು, ಬಂದಾಗ ಅಲ್ಲಿಂದ ಮುಂದುವರಿಯುತ್ತದೆ. ಕೆಲವು ಸಲ ವಿದ್ಯುತ್ ಹೋಗಿ ಬಂದರೆ ಸಸಿಯ ಹಗಲು ಎಲ್ಲಿಂದೆಲ್ಲಿಗೋ ಸರಿದಿರುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್‌ಗೆ ಆ ತೊಂದರೆ ಇಲ್ಲ.

ಸಸಿಗಳು ಏನು ಹೇಳಿದವು? ಒಂದೇ ತಂಡದ ಜಿ-9 (ಗ್ರ್ಯಾಂಡ್ ನೈನ್) ತಳಿಯ ಬಾಳೆಯ ಸೀಸೆಗಳನ್ನು ಹಂಚಿ, ಒಂದು ಅಂತಸ್ತಿನಲ್ಲಿ ಬಿಳಿ ಮಾತ್ರ, ಪಕ್ಕದ ಅಂತಸ್ತಿನಲ್ಲಿ ಬಿಳಿ ಮತ್ತು ಕೆಂಪು, ಇನ್ನೊಂದರಲ್ಲಿ ಕೆಲವೇ ಸೀಸೆಗಳನ್ನು ಕೆಂಪು ಮಾತ್ರ ಇರುವಲ್ಲಿ ಬೆಳೆಸಿದೆವು. ಇದನ್ನು ವೈಜ್ಞಾನಿಕ ಪ್ರಯೋಗ ಎಂದು ಕರೆಯುವುದಿಲ್ಲ. ನಮ್ಮ ರ್ಯಾಕಿನಲ್ಲಿ ನಮಗೆ ಕಂಡದ್ದು ಇಷ್ಟು. ಬರೀ ಕೆಂಪಿನ ಸಸಿಗಳು ಎತ್ತರದಲ್ಲಿ ಎಲ್ಲರಿಗಿಂತ ಮುಂದೆ, ಉಳಿದ ಎಲ್ಲದರಲ್ಲೂ ಹಿಂದೆ: ಎಲೆ ಸಣ್ಣಗೆ ಉದ್ದ, ಬಣ್ಣ ತಿಳಿ, ಇಕ್ಕಳದಲ್ಲಿ ಎತ್ತಿದರೆ ಕಾಂಡ ಬಾಗುತ್ತಿತ್ತು. ಬಿಳಿಯಲ್ಲಿ ಗಿಡ್ಡ, ಗಟ್ಟಿ, ಅಚ್ಚ ಹಸಿರು. ಬಿಳಿ-ಕೆಂಪಿನಲ್ಲಿ ಗಟ್ಟಿತನ ಉಳಿದು ಎಲೆಯ ಅಗಲ ಸ್ವಲ್ಪ ಹೆಚ್ಚು. ಮರಿ ಹೆಚ್ಚಿಸುವ ಹಂತದಲ್ಲಿ ಬಿಳಿಗೂ ಬಿಳಿ-ಕೆಂಪಿಗೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಅಲ್ಲಿ ಮರಿ ಒಡೆಸುವ ಸೈಟೋಕೈನಿನ್ ಹಾರ್ಮೋನಿನ ಮಾತೇ ಅಂತಿಮ, ಆದ್ದರಿಂದ ಆ ಅಂತಸ್ತುಗಳಲ್ಲಿ ಕೆಂಪು ದೀಪ ನಂದಿಸಿ 30ರಿಂದ 35 ಮೈಕ್ರೋಮೋಲ್‌ನಲ್ಲೇ ಇಟ್ಟಿದ್ದೇವೆ. ಬೇರು ಬಿಡಿಸುವ ಹಂತದಲ್ಲಿ ಎರಡನ್ನೂ ಹೊತ್ತಿಸುತ್ತೇವೆ. ಸಕ್ಕರೆಯ ಊಟ ಬಿಟ್ಟು ಬೆಳಕಿನ ಮೇಲೆ ಬದುಕಲು ಸಸಿ ಸಿದ್ಧವಾಗಬೇಕಾದ ಕಾಲ ಅದು.

ಬೇರಿನ ವಿಷಯಕ್ಕೆ ಸೇರಿದ ಇನ್ನೊಂದು ಎಚ್ಚರ. ತಯಾರಿಸಿಟ್ಟ ಮಾಧ್ಯಮದ ಸೀಸೆಗಳನ್ನು, ಜಾಗವಿದೆಯೆಂದು, ದೀಪದ ಕೆಳಗೆ ಇಡಬಾರದು. ಮಾಧ್ಯಮದಲ್ಲಿ ಕಬ್ಬಿಣವನ್ನು ಹಿಡಿದಿಡುವ ಇಡಿಟಿಎ ನೀಲಿ ಬೆಳಕಿಗೆ ಒಡೆಯುತ್ತದೆ. ಕಬ್ಬಿಣ ಸಸಿಗೆ ದಕ್ಕದಂತಾಗುವುದರ ಜೊತೆಗೆ ಬೇರಿಗೆ ಕೆಡುಕಾದ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ಬೇರು ಬಿಡಿಸುವ ಐಎಎ ಹಾರ್ಮೋನ್ ಕೂಡ ಬೆಳಕಿಗೆ ಕೆಡುತ್ತದೆ. ಮಾಧ್ಯಮದ ಕಪಾಟಿಗೆ ಬಾಗಿಲು ಇರಲೇಬೇಕು.

ಗಿಡದಿಂದ ಕತ್ತರಿಸಿ ತಂದ ಹೊಸ ತುಣುಕುಗಳಿಗೆ ಈ ರ್ಯಾಕಿನ ಬೆಳಕು ಬೇಡ. ಬಾಳೆಯೂ ದಾಳಿಂಬೆಯೂ ಕತ್ತರಿಸಿದ ಜಾಗದಲ್ಲಿ ಫೀನಾಲ್ ಎಂಬ ರಾಸಾಯನಿಕ ಸುರಿಸಿ ಮಾಧ್ಯಮವನ್ನು ಕಂದು ಮಾಡುತ್ತವೆ, ಬೆಳಕು ಅದನ್ನು ಹೆಚ್ಚಿಸುತ್ತದೆ. ಮೊದಲ ಒಂದು ವಾರ ಅವು ಕತ್ತಲಲ್ಲಿರುತ್ತವೆ. ಅದಕ್ಕಾಗಿ ಕೆಳಗಿನ ಅಂತಸ್ತಿಗೆ ಕಪ್ಪು ಬಟ್ಟೆಯ ಪರದೆ ಕಟ್ಟಿ ಅಲ್ಲಿನ ದೀಪದ ಫ್ಯೂಸ್ ತೆಗೆದಿಟ್ಟಿದ್ದೇವೆ.

ಸೀಸೆಯ ಸಸಿಯನ್ನು ಹೊರಗಿನ ವಾತಾವರಣಕ್ಕೆ ಹದಗೊಳಿಸುವ ಹಂತದಲ್ಲಿ ಬದಲಾವಣೆಯ ಫಲ ಸ್ಪಷ್ಟವಾಗಿ ಕಂಡಿತು. ಬೇರಿಗೆ ಅಂಟಿದ ಅಗರ್ ತೊಳೆದು, ಕೋಕೋಪೀಟ್ ತುಂಬಿದ ಟ್ರೇಗಳಲ್ಲಿ ನೆಟ್ಟು, ತೇವ ಹೆಚ್ಚಿರುವ ಪ್ಲಾಸ್ಟಿಕ್ ಸುರಂಗದೊಳಗೆ 75 ಶೇಕಡಾ ನೆರಳು ಪರದೆಯ ಕೆಳಗೆ ಇಡುತ್ತೇವೆ. ಹೊಸ ಎಲೆ ಬಿಟ್ಟ ಮೇಲೆ 50 ಶೇಕಡಾ ಪರದೆಗೆ ಸಾಗಿಸುತ್ತೇವೆ. ಹಳೆಯ ರ್ಯಾಕಿನ ಸಸಿಗಳಲ್ಲಿ ಮೂಲೆಯವು ಮತ್ತು ಚೋಕ್ ಮೇಲಿನವು ಈ ಹಂತದಲ್ಲಿ ಮೊದಲು ಬೀಳುತ್ತಿದ್ದವು. ಈಗಿನ ತಂಡಗಳಲ್ಲಿ ಒಂದೇ ಟ್ರೇಯ ಸಸಿಗಳು ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬರುತ್ತವೆ. ಕೊಳ್ಳಲು ಬರುವ ರೈತರು ಟ್ರೇಯಲ್ಲಿ ಮೊದಲು ನೋಡುವುದು ಈ ಸಮತೆಯನ್ನೇ, ಏಕೆಂದರೆ ಗೊನೆ ಒಟ್ಟಿಗೆ ಬರಬೇಕಾದರೆ ನಾಟಿ ಸಮನಾಗಿರಬೇಕು.

ಮುಂದಿನದು ದಾಳಿಂಬೆಯ ರ್ಯಾಕ್. ದುಂಡಾಣು ಅಂಗಮಾರಿಯಿಂದ ನೊಂದ ಈ ಜಿಲ್ಲೆಯ ಬೆಳೆಗಾರರು ರೋಗವಿಲ್ಲದ ಭಗವಾ ತಳಿಯ ಸಸಿಗಾಗಿ ಕೇಳುತ್ತಲೇ ಇದ್ದಾರೆ. ದಾಳಿಂಬೆಯ ಕಾಂಡ ಬಾಳೆಯಂತಲ್ಲ, ಕಡ್ಡಿಯಾಗಿ ಮೇಲೇರುವಂಥದು; ಅದಕ್ಕೆ ಕೆಂಪಿನ ಪಾಲು ಕಡಿಮೆ ಇಟ್ಟು, ಎರಡು ಬಣ್ಣಕ್ಕೂ ಬೇರೆ ಡಿಮ್ಮರ್ ಹಾಕಿ ಶುರು ಮಾಡುತ್ತೇವೆ. ಚೌಕಟ್ಟು ಸಿದ್ಧವಾಗಿದೆ, ತಗಡಿಗೆ ಬಳಿದ ಬಣ್ಣ ಒಣಗುತ್ತಿದೆ, 660ರ ಪಟ್ಟಿ ಬರಬೇಕಿದೆ.